ದಾಖಲೆಯಲ್ಲಿ ಇಲ್ಲದ ಆರ್ಗ್ಯುಮೆಂಟ್‌ಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಿನ್ನೆ ನನ್ನ ಅರ್ಧ ದಿನ ಒಂದೇ ಅಕ್ಷರಕ್ಕೆ ಹೋಯಿತು. ಪೈಥಾನ್ ಫಂಕ್ಷನ್ ಒಂದಕ್ಕೆ ಟೈಮ್‌ಔಟ್ (ಎಷ್ಟು ಹೊತ್ತು ಕಾಯಬೇಕು ಅನ್ನೋ ಮಿತಿ) ಎಂಬ ಆರ್ಗ್ಯುಮೆಂಟ್, ಅಂದರೆ ಫಂಕ್ಷನ್‌ಗೆ ಕೊಡುವ ಮೌಲ್ಯ, 5 ಸೆಕೆಂಡ್ ಅಂತ ಕೊಟ್ಟಿದ್ದೆ, ಆ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಒಂದು 'ಇ' ಬಿಟ್ಟುಹೋಗಿತ್ತು. ಎರರ್ ಬರಲೇ ಇಲ್ಲ. ಪ್ರೋಗ್ರಾಂ ಸುಮ್ನೆ ಕಾಯುತ್ತಾ ಕೂತಿತ್ತು. ಆ ಫಂಕ್ಷನ್ ಎರಡು ನಕ್ಷತ್ರದ ಕ್ವಾರ್ಗ್ಸ್ (**kwargs, ಬೇರೆ ಹೆಸರಿಟ್ಟು ಕೊಟ್ಟದ್ದನ್ನೆಲ್ಲ ಒಂದು ಡಿಕ್ಷನರಿಗೆ ತುಂಬಿಕೊಳ್ಳುವುದು) ಇಟ್ಟುಕೊಂಡಿದೆ, ಅಲ್ವಾ? ಯಾವ ಹೆಸರು ಕೊಟ್ಟರೂ ನುಂಗಿಬಿಡುತ್ತದೆ. ಯಾವುದನ್ನು ನಿಜವಾಗಿ ಬಳಸುತ್ತದೆ ಅನ್ನೋದು ಡಾಕ್‌ಸ್ಟ್ರಿಂಗ್‌ನಲ್ಲಿ (ಫಂಕ್ಷನ್ ಒಳಗೇ ಬರೆಯುವ ವಿವರಣೆಯಲ್ಲಿ) ಒಂದು ಸಾಲೂ ಇಲ್ಲ.

ಹಾಗಾಗಿ ಎಲ್ಲರಲ್ಲೂ ಒಂದು ಕೋರಿಕೆ. ಆರ್ಗ್ಯುಮೆಂಟ್‌ಗಳ ಹೆಸರನ್ನು ಬಿಡಿಸಿ ಬರೆಯಿರಿ. ಅವುಗಳ ನಡುವೆ ಒಂಟಿ ನಕ್ಷತ್ರ (*) ಹಾಕಿದರೆ ಅದರ ಮುಂದಿನದನ್ನೆಲ್ಲ ಹೆಸರು ಹೇಳಿಯೇ ಕೊಡಬೇಕಾಗುತ್ತದೆ. 2008ರಲ್ಲಿ ಬಂದ ಪೈಥಾನ್ 3.0ರಿಂದಲೂ ಈ ಸೌಲಭ್ಯ ಇದೆ. ಆಗ ತಪ್ಪು ಹೆಸರು ಕೊಟ್ಟ ತಕ್ಷಣ ಟೈಪ್‌ಎರರ್ ಬರುತ್ತದೆ, ಹುಡುಕಾಟವೇ ಇರಲ್ಲ. ಕ್ವಾರ್ಗ್ಸ್ ಬೇಕೇ ಬೇಕು ಅಂದರೆ, ಗೊತ್ತಿರುವ ಹೆಸರುಗಳನ್ನು ಪಾಪ್ ಮಾಡಿ, ಅಂದರೆ ಆ ಡಿಕ್ಷನರಿಯಿಂದ ಹೊರಗೆ ತೆಗೆದುಕೊಳ್ಳಿ. ಆಮೇಲೂ ಡಿಕ್ಷನರಿಯಲ್ಲಿ ಏನಾದರೂ ಉಳಿದಿದ್ದರೆ ಟೈಪ್‌ಎರರ್ ಅನ್ನು ನೀವೇ ಎಬ್ಬಿಸಿ, ಉಳಿದ ಹೆಸರನ್ನೂ ಸಂದೇಶದಲ್ಲಿ ತೋರಿಸಿ.

ಬೇರೆಯವರ ಲೈಬ್ರರಿ ಆದರೆ ಇನ್‌ಸ್ಪೆಕ್ಟ್ ಮಾಡ್ಯೂಲ್‌ನ ಸಿಗ್ನೇಚರ್ ಬಳಸಿ ಫಂಕ್ಷನ್ ಯಾವ ಆರ್ಗ್ಯುಮೆಂಟ್ ತೆಗೆದುಕೊಳ್ಳುತ್ತದೆ ನೋಡಿ. ಅಲ್ಲೂ ಬರೀ ಕ್ವಾರ್ಗ್ಸ್ ಅಂತ ಕಂಡರೆ ಸೋರ್ಸ್ ತೆರೆದು, ಕ್ವಾರ್ಗ್ಸ್‌ನಿಂದ ಹೆಸರುಗಳನ್ನು ಓದುವ ಗೆಟ್, ಪಾಪ್ ಇರುವ ಸಾಲುಗಳನ್ನು ಹುಡುಕಿ. ಅಲ್ಲಿ ಸಿಕ್ಕಿದ್ದನ್ನೆಲ್ಲ ಬಳಸಬೇಡಿ ಮಾತ್ರ. ಅಂಡರ್‌ಸ್ಕೋರ್‌ನಿಂದ ಶುರುವಾಗುವ ಹೆಸರುಗಳು ಒಳಗಿನ ಬಳಕೆಗೆ ಇಟ್ಟವು, ಮುಂದಿನ ಆವೃತ್ತಿಯಲ್ಲಿ ಹೇಳದೆ ಕೇಳದೆ ಮಾಯವಾಗಬಹುದು. ಬಳಸಲೇಬೇಕಾದರೆ ಲೈಬ್ರರಿಯನ್ನು ಒಂದೇ ಆವೃತ್ತಿಗೆ ಕಟ್ಟಿಹಾಕಿ, ಪಕ್ಕದಲ್ಲೇ ಕಾಮೆಂಟ್ ಬರೆಯಿರಿ, ಒಂದು ಸಣ್ಣ ಟೆಸ್ಟ್ ಕೂಡ ಸೇರಿಸಿ.

ನಮ್ಮದೇ ಕೋಡ್‌ನಲ್ಲಿ ಇಂಥ ಫಂಕ್ಷನ್ ಕಂಡರೆ ಫೈಲ್ ಹೆಸರನ್ನು ಇಲ್ಲಿ ಹಾಕಿ. ಡಾಕ್‌ಸ್ಟ್ರಿಂಗ್ ನಾನು ಬರೆಯುತ್ತೇನೆ.