ಮಂಗನ ಕಾಯಿಲೆ ಲಸಿಕೆ ಹತ್ತಿದ್ಯಾ ಅಂತ ನೋಡೋಕೆ ಪ್ರತಿ ಸಲ ಜೀವಂತ ವೈರಸ್ಸೇ ಬೇಕಾ?

ಮಾನ್ಯ ಸಂಪಾದಕರೇ,

ಮಂಗನ ಕಾಯಿಲೆಗೆ ಹೊಸ ಲಸಿಕೆ ತಯಾರಾಗ್ತಿದೆ ಅನ್ನೋ ಸುದ್ದಿ ಓದಿ ಹೇಳಿದಾಗ ನಮ್ಮಮ್ಮ ಕೇಳಿದ್ದು ಒಂದೇ ಪ್ರಶ್ನೆ, "ಈ ಸಲನಾದ್ರೂ ಅದು ಮೈಗೆ ಹತ್ತಿದ್ಯೋ ಇಲ್ವೋ ಅಂತ ಯಾರಾದ್ರೂ ಹೇಳ್ತಾರಾ?" ಹಳೇ ಲಸಿಕೆ ಅವ್ರು ಎರಡು ಡೋಸ್ ತಗೊಂಡಿದ್ರು, ತೋಳು ಊದ್ಕೊಂಡು ಎರಡು ದಿನ ಕೈ ಎತ್ತೋಕಾಗ್ದೆ ಕೊಟ್ಟಿಗೆಗೆ ದರಕು ತರೋಕೂ ಹೋಗಿರ್ಲಿಲ್ಲ, ಆಮೇಲೆ ಬೂಸ್ಟರ್ ಅಂದ್ರೆ ಬೇಡ್ವೇ ಬೇಡ ಅಂದ್ಬಿಟ್ರು. 2005ರಿಂದ 2010ರವರೆಗಿನ ಲೆಕ್ಕ ನೋಡಿದ್ರೆ ಆ ಲಸಿಕೆ ಎರಡು ಡೋಸಿಗೆ ನೂರಕ್ಕೆ ಸುಮಾರು 62ರಷ್ಟು, ಬೂಸ್ಟರ್ ಸೇರಿದ್ರೆ 83ರಷ್ಟು ರಕ್ಷಣೆ ಕೊಡ್ತಿತ್ತು. ಅಮ್ಮ ಆ 62ರಲ್ಲಿದ್ರಾ ಹೊರಗಿದ್ರಾ ಅಂತ ಗೊತ್ತಾಗ್ದೇನೇ ಅವ್ರು ಅಷ್ಟೂ ವರ್ಷ ಕಾಡಿಗೆ ಹೋಗಿ ಬಂದ್ರು.

ಇದನ್ನ ರಕ್ತ ಪರೀಕ್ಷೆ ಮಾಡಿ ನೋಡಬಹುದು. ಲಸಿಕೆ ತಗೊಂಡವ್ರ ಸೀರಮ್ಮನ್ನ, ಅಂದ್ರೆ ರಕ್ತದಿಂದ ಬೇರ್ಪಡಿಸಿದ ತಿಳಿಯನ್ನ, ವೈರಸ್ ಜೊತೆ ಬೆರೆಸಿ ಜೀವಕೋಶಗಳ ಮೇಲೆ ಬಿಡ್ತಾರೆ, ಕೋಶ ಸಾಯದೆ ಉಳಿದ್ರೆ ಲಸಿಕೆಯಿಂದ ರಕ್ತದಲ್ಲಿ ಹುಟ್ಟಿದ, ವೈರಸ್ ತಡೆಯೋ ಪ್ರತಿಕಾಯ ಕೆಲಸ ಮಾಡ್ತು ಅಂತ ಲೆಕ್ಕ. ಆದ್ರೆ ಅದಕ್ಕೆ ಜೀವಂತ ವೈರಸ್ ಬೇಕು, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಈ ವೈರಸ್ಸು ಉಣ್ಣೆ ಕಚ್ಚಿದವ್ರನ್ನಷ್ಟೇ ಅಲ್ಲ, ಅದನ್ನ ಅಭ್ಯಾಸ ಮಾಡ್ತಿದ್ದ ಲ್ಯಾಬ್ ಸಿಬ್ಬಂದಿಯನ್ನೂ ಬಿಟ್ಟಿಲ್ಲ, ಎಷ್ಟೋ ಜನಕ್ಕೆ ಲ್ಯಾಬಲ್ಲೇ ಸೋಂಕು ತಗುಲಿದ ದಾಖಲೆ ಇದೆ. ಅದಕ್ಕೇ ಇದಕ್ಕೆ ಬಿಗಿ ಭದ್ರತೆಯ ಲ್ಯಾಬ್ ಬೇಕು, ಅಂಥವು ದೇಶದಲ್ಲಿ ಬೆರಳೆಣಿಕೆಯಷ್ಟು. ಭದ್ರತೆ ತಪ್ಪಿದ್ರೆ ಏನಾಗುತ್ತೆ ಅಂತ 1978ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನೋಡಿದ್ದೀವಿ, ಜಗತ್ತಲ್ಲಿ ಸಿಡುಬು ಸಹಜವಾಗಿ ಹರಡೋದು ನಿಂತು ವರ್ಷವೂ ತುಂಬದ ಹೊತ್ತಲ್ಲಿ, ಸಿಡುಬಿನ ಲ್ಯಾಬ್ ಇದ್ದ ಕಟ್ಟಡದ ಮೇಲಿನ ಮಹಡೀಲಿ ಕೆಲಸ ಮಾಡ್ತಿದ್ದ ಫೋಟೋಗ್ರಾಫರ್ ಜಾನೆಟ್ ಪಾರ್ಕರ್ ಅದೇ ಸಿಡುಬಿಗೆ ತೀರ್ಕೊಂಡ್ರು.

ಇದಕ್ಕೆ ಇನ್ನೊಂದು ದಾರಿ ಇದೆ, ಸೂಡೋವೈರಸ್. ಯಕ್ಷಗಾನದಲ್ಲಿ ಮಹಿಷಾಸುರನ ವೇಷ ಬಂದ್ರೆ ಮಕ್ಕಳು ಅಮ್ಮನ ಸೆರಗಿಗೆ ಮುಖ ಮುಚ್ಕೋತಾರೆ, ಒಳಗಿರೋದು ಪಕ್ಕದೂರಿನ ಮೇಷ್ಟ್ರು, ಸೂಡೋವೈರಸ್ಸೂ ಹಂಗೇ, ಹೊರಗಿನ ವೇಷ ರೋಗದ ವೈರಸ್ಸಿಂದು, ಒಳಗೆ ಹರಡೋ ಶಕ್ತಿ ಇಲ್ಲ. ಮಂಗನ ಕಾಯಿಲೆ ಕುಟುಂಬದ್ದೇ ಆದ ವೆಸ್ಟ್ ನೈಲ್, ಡೆಂಗಿ ವೈರಸ್ಸಿಗೆ ಇಂಥದ್ದನ್ನ ಮಾಡಿ ಎಷ್ಟೋ ವರ್ಷ ಆಯ್ತು. ವೈರಸ್ಸಿನ ಜೀನ್‌ಗಳಲ್ಲಿ ಹೊರಗಿನ ಕವಚ ಕಟ್ಟೋ ಭಾಗ ಕಿತ್ತಾಕಿ ಅಲ್ಲಿ ಬೆಳಕು ಕೊಡೋ ಜೀನ್ ಕೂರಿಸ್ತಾರೆ, ಕವಚನ ಬೇರೆಯಾಗಿ ಒಂದೇ ಒಂದು ಸಲಕ್ಕೆ ಒದಗಿಸ್ತಾರೆ. ಹಂಗಾಗಿ ಅದು ಕೋಶದೊಳಗೆ ಒಂದು ಸಲ ಹೋಗುತ್ತೆ, ಬೆಳಗುತ್ತೆ, ಹೊಸ ಕವಚ ಕಟ್ಟೋಕಾಗದೆ ಅಲ್ಲೇ ಮುಗಿಯುತ್ತೆ. ಆ ಬೆಳಕಿಗೆ ಎಷ್ಟೋ ಲ್ಯಾಬ್‌ಗಳು ಬಳಸೋ ಲೂಸಿಫರೇಸ್ ಅನ್ನೋ ಕಿಣ್ವ ಮಿಂಚುಹುಳದ್ದು, ಮಳೆಗಾಲಕ್ಕೆ ಮುಂಚೆ ನಮ್ಮ ತೋಟದ ಮೇಲೆ ಮಿನುಗ್ತಾವಲ್ಲ ಅದೇ! ಸೀರಮ್ ಹಾಕಿದ ಮೇಲೆ ಬೆಳಕು ಕಮ್ಮಿ ಆದ್ರೆ ಲಸಿಕೆ ಹತ್ತಿದೆ, ಆಗದಿದ್ರೆ ಇಲ್ಲ, ಒಂದೆರಡು ದಿನದಲ್ಲಿ ಉತ್ತರ, ಅದೂ ಸಾಮಾನ್ಯ ಸುರಕ್ಷತೆಯ ಲ್ಯಾಬಲ್ಲಿ. ಕೊರೊನಾ ಕಾಲದಲ್ಲಿ ಜಗತ್ತಿನ ನೂರಾರು ಲ್ಯಾಬ್ ಲಸಿಕೆ ಅಳೆದಿದ್ದು ಹೀಗೇ.

ಬೇರೆ ವೈರಸ್ಸಿಗೆ ವೇಷ ತೊಡಿಸೋ ದಾರಿಯಲ್ಲೇ ಲಸಿಕೆ ಕೂಡ ಹುಟ್ಟಿದೆ. ದನಗಳಿಗೆ ಬಾಯಿಹುಣ್ಣು ತರೋ ವಿಎಸ್‌ವಿ ವೈರಸ್ಸಿಗೆ ಎಬೋಲಾದ ಕೋಟು ಹಾಕಿ ಮಾಡಿದ ಎರ್ವೆಬೋ ಲಸಿಕೆಗೆ 2019ರಲ್ಲಿ ಯುರೋಪ್, ಅಮೆರಿಕ ಎರಡೂ ಕಡೆ ಒಪ್ಪಿಗೆ ಸಿಕ್ತು. ಅದೇ ವಿಎಸ್‌ವಿಗೆ ನಮ್ಮ ಕ್ಯಾಸನೂರು ವೈರಸ್ಸಿನ ಕೋಟು ತೊಡಿಸಿ ಅಮೆರಿಕದ ಮೊಂಟಾನಾದ ರಾಕಿ ಮೌಂಟನ್ ಲ್ಯಾಬ್‌ನವ್ರು ಇಲಿಗಳನ್ನ ಉಳಿಸಿದ್ದನ್ನ 2021ರಲ್ಲಿ ಪ್ರಕಟಿಸಿದ್ರು. ಅಲ್ಲಾ ಸರ್, ರೋಗ ಸೊರಬದ್ದು, ಸಾಯೋರು ಸಾಗರ ತೀರ್ಥಹಳ್ಳಿಯವ್ರು, ಕೆಲಸ ಮೊಂಟಾನಾದಲ್ಲಿ ಆಗುತ್ತೆ, ಇದು ನನ್ನ ನಿದ್ದೆ ಕೆಡಿಸಿದ ವಿಷಯ.

ಸೂಡೋವೈರಸ್ಸೇ ಎಲ್ಲಾ ಅಂತ ನಾನು ಹೇಳ್ತಿಲ್ಲ. ಅದು ತೋರ್ಸೋದು ವೈರಸ್ ಒಳಗೆ ಹೋಗೋದನ್ನ ಪ್ರತಿಕಾಯ ತಡೀತಾ ಅನ್ನೋದನ್ನ ಮಾತ್ರ, ಸೋಂಕು ತಗುಲಿದ ಕೋಶಗಳನ್ನ ಹುಡುಕಿ ಕೊಲ್ಲೋ ಟಿ ಕೋಶಗಳ ರಕ್ಷಣೆ ಅದರಲ್ಲಿ ಕಾಣಲ್ಲ. ಶುರುವಲ್ಲಿ ಒಂದಷ್ಟು ಸೀರಮ್ ಮಾದರಿಗಳನ್ನ ಜೀವಂತ ವೈರಸ್ ಜೊತೆಗೂ ಇದರ ಜೊತೆಗೂ ಪರೀಕ್ಷೆ ಮಾಡಿ ಎರಡೂ ತಾಳೆ ಆಗ್ತಾವಾ ನೋಡ್ಲೇಬೇಕು, ಆ ಕೆಲಸಕ್ಕೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಂಥ (ಎನ್‌ಐವಿ) ಲ್ಯಾಬೇ ಬೇಕು. ತಾಳೆ ಆದ್ಮೇಲೆ ಸಾವಿರಾರು ಹಳ್ಳಿಗರ ಮಾದರಿಗೆ ಯಾಕೆ ಅದೇ ಬಾಗಿಲಲ್ಲಿ ಕ್ಯೂ ನಿಲ್ಬೇಕು?

ಬೆಂಗಳೂರಿನ ಐಐಎಸ್‌ಸಿ ತಂಡ 2022ರಲ್ಲೇ ಕೊರೊನಾ ಹೋಲೋ ಸೋಂಕಿಲ್ಲದ ಕಣ ಮಾಡಿ ತೋರಿಸಿದೆ, ಕೈಲಾಗೋರು ನಮ್ಮಲ್ಲೇ ಇದ್ದಾರೆ. ಆರೋಗ್ಯ ಇಲಾಖೆ ಅಂಥವ್ರ ಜೊತೆ ಕೂತು ಮಂಗನ ಕಾಯಿಲೆಗೂ ಒಂದು ಸುರಕ್ಷಿತ ಬದಲಿ ಮಾಡಿಸ್ಲಿ, ಪರೀಕ್ಷೆ ಶಿವಮೊಗ್ಗದಲ್ಲೇ ನಡೀಲಿ, ಹೊಸ ಲಸಿಕೆ ಹಳ್ಳಿಗೆ ಬಂದ ಮೇಲೆ ಯಾವ ತಾಲೂಕಲ್ಲಿ ಎಷ್ಟು ಜನಕ್ಕೆ ಹತ್ತಿದೆ ಅಂತ ಕನ್ನಡದಲ್ಲಿ ಪಂಚಾಯ್ತಿ ಬೋರ್ಡಿಗೆ ಹಾಕ್ಲಿ. ಕಾಯಿಲೆ ಹೆಚ್ಚೋದು ಡಿಸೆಂಬರ್‌ನಿಂದ ಮೇವರೆಗೆ, ಅಂದ್ರೆ ರಿಪೋರ್ಟು ದೀಪಾವಳಿಯೊಳಗೆ ಕೈಗೆ ಬಂದ್ರೆ ಮಾತ್ರ ಹತ್ತದೇ ಇದ್ದವ್ರಿಗೆ ಇನ್ನೊಂದು ಡೋಸ್ ಕೊಡೋಕೆ ಟೈಮ್ ಇರುತ್ತೆ.

— ಸಾಗರ ತಾಲೂಕಿನ ಒಬ್ಬ ಓದುಗ