ಕಾಗದದ ಪುಸ್ತಕ ಯಾವುದಕ್ಕೆ ಬೇಕು: ಮಗಳಿಗೊಂದು ಪತ್ರ

ಉಡುಪಿ

ಪ್ರೀತಿಯ ಮಗಳೇ,

ನೀನು ಕಳಿಸಿದ ಮೂರು ಪುಸ್ತಕಗಳ ಫೋಟೋ ನೋಡಿದೆ. ಎರಡು ಸಾಫ್ಟ್‌ವೇರ್ ಕಲಿಸುವಂಥವು, ಒಂದು ದೇಹರಚನೆಯದ್ದು. ಡಿಜಿಟಲ್ ಶಿಲ್ಪವನ್ನು, ಅಂದರೆ ಕಂಪ್ಯೂಟರಿನಲ್ಲಿ ಮೂರ್ತಿ ಕೆತ್ತುವುದನ್ನು, ಹವ್ಯಾಸಕ್ಕೆಂದು ಕಲಿಯುವವಳು ಕಾಗದದ ಪುಸ್ತಕಕ್ಕೆ ದುಡ್ಡು ಹಾಕುವುದಾದರೆ ಮೂರನೆಯದಕ್ಕೇ ಹಾಕಬೇಕು. ಯಾಕೆಂದು ಹೇಳುತ್ತೇನೆ.

ಸಾಫ್ಟ್‌ವೇರ್ ಪುಸ್ತಕ ಬೇಗ ಹಳತಾಗುತ್ತದೆ. ಹಾಗೆ ಕೆತ್ತುವುದಕ್ಕೆ ಬಳಸುವ ಬ್ಲೆಂಡರ್ ಎಂಬ ಸಾಫ್ಟ್‌ವೇರಿನ 2.8 ಆವೃತ್ತಿ ಬಂದದ್ದು 2019ರಲ್ಲಿ. ಅದಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಆಯ್ಕೆ ಮಾಡುವುದಕ್ಕೆ ಬಲ ಕ್ಲಿಕ್, ಈಗ ಎಡ ಕ್ಲಿಕ್. ಪರದೆಯ ಜೋಡಣೆಯೇ ಬೇರೆ. 2024ರ 4.3 ಆವೃತ್ತಿಯಲ್ಲಿ ಕೆತ್ತುವ ಸಾಧನಗಳಾದ ಬ್ರಷ್‌ಗಳು ಎಡಬದಿಯ ಪಟ್ಟಿಯಿಂದ ಕೆಳಗಿನ ಶೆಲ್ಫಿಗೆ ಇಳಿದವು. ಹಾಗಾಗಿ 2021ರ ಪುಸ್ತಕ ಹಿಡಿದು ಕೂತರೆ, ಅದು ಬೆರಳು ತೋರಿಸುವ ಜಾಗದಲ್ಲಿ 'ಕ್ಲೇ ಸ್ಟ್ರಿಪ್ಸ್' ಬ್ರಷ್ ಇರುವುದಿಲ್ಲ. ತಪ್ಪು ನಿನ್ನದೆಂದು ತಿಳಿದು ಅರ್ಧ ಗಂಟೆ ಹುಡುಕುತ್ತಾ ಕೂರುತ್ತೀ. ಬ್ಲೆಂಡರಿನದ್ದೇ ಕೈಪಿಡಿ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ, ಹೊಸ ಆವೃತ್ತಿ ಬಂದ ಹಾಗೆ ಅದೂ ತಿದ್ದಲ್ಪಡುತ್ತದೆ. ಗುಂಡಿ, ಕೀಲಿಗಳಿಗೆ ಅದು ಸಾಕು. ಝೀಬ್ರಷ್ ಪುಸ್ತಕವನ್ನು ಸದ್ಯಕ್ಕೆ ಬಿಡು. ಅದು ಚಂದಾ ಕಟ್ಟಿ ಬಳಸುವ ಸಾಫ್ಟ್‌ವೇರ್. ಕೈ ಕೂರುವ ಮೊದಲೇ ಚಂದಾ ಯಾಕೆ?

ಆದರೂ ಸಾಫ್ಟ್‌ವೇರಿನದ್ದು ಒಂದು ಬೇಕೇಬೇಕೆಂದರೆ, ಮಂಗಳೂರಿನ ಹಂಪನಕಟ್ಟೆಯ ಕಡೆ ಅಂಗಡಿಗೆ ಹೋದಾಗ ಮುಖಪುಟ ನೋಡಿ ಮರುಳಾಗಬೇಡ. ಒಳಗಿನ ಮೊದಲ ಪುಟಗಳಲ್ಲಿ ಯಾವ ಆವೃತ್ತಿಗೆ ಬರೆದದ್ದು ಎಂದು ಉಂಟಾ ನೋಡು. ಇಲ್ಲದಿದ್ದರೆ ಅಲ್ಲೇ ಇಟ್ಟುಬಿಡು. ಇದ್ದರೆ, ಮುಖ ಕೆತ್ತುವ ಅಧ್ಯಾಯ ತೆರೆದು, ಬರಿ ಗೋಲದಿಂದ ಮುಗಿದ ಮುಖದವರೆಗೆ ಎಷ್ಟು ಚಿತ್ರ ಉಂಟೆಂದು ಎಣಿಸು. ನಾಲ್ಕೇ ಚಿತ್ರದಲ್ಲಿ ರಾಕ್ಷಸ ತಯಾರಾಗಿದ್ದರೆ ಅದು ಲೇಖಕರ ಕೆಲಸದ ಪ್ರದರ್ಶನ, ಪಾಠವಲ್ಲ. ಹದಿನೈದಾದರೂ ಬೇಕು, ಅದರಲ್ಲೂ ಕಣ್ಣು ಮೂಗು ಇಲ್ಲದ ಬೂದು ಮುದ್ದೆಯ ಹಂತಗಳು ಬೇಕು, ಬದಿಯಿಂದ ತೆಗೆದವೂ ಸೇರಿ.

ಚೌತಿಗೆ ಮಣ್ಣಿನ ಗಣಪತಿ ಮಾಡುವವರ ಕ್ರಮ ನೆನಪಿಸಿಕೋ. ಪೀಠ, ಹೊಟ್ಟೆ ನಿಂತ ಮೇಲೆ ತಲೆ, ಕೈಗಳು, ಆಭರಣ ಆಮೇಲೆ, ಕಣ್ಣು ಬರೆಯುವುದು ಕಟ್ಟಕಡೆಗೆ. ಒಳ್ಳೆಯ ಪುಸ್ತಕ ಈ ಕ್ರಮ ಬಿಡುವುದಿಲ್ಲ, ಅದಕ್ಕೆ ತಕ್ಕಂತೆ ಪಾಲಿಗಾನ್, ಅಂದರೆ ಆಕಾರದ ಮೈಯನ್ನು ಹೆಣೆಯುವ ಪುಟ್ಟ ಚಪ್ಪಟೆ ತುಂಡುಗಳು, ಎಷ್ಟಿರಬೇಕೆಂದೂ ಹೇಳುತ್ತದೆ. ನಾನು ಮೊದಲು ಹುಡುಕುವುದೇ ಈ ಮಾತನ್ನು. ಹೊಸಬರ ಮುಖಗಳು ಗಂಟುಗಂಟಾಗಿ, ಊದಿದ ಹಾಗೆ ಕಾಣುವುದಕ್ಕೆ ಕಾರಣ ಕೈಯ ದೋಷವಲ್ಲ. ದೊಡ್ಡ ಆಕಾರ ಕೂರುವ ಮೊದಲೇ ಪಾಲಿಗಾನ್ ಏರಿಸಿದ್ದು. ಎರಡು ಲಕ್ಷ ಪಾಲಿಗಾನ್ ಇರುವ ಕೆನ್ನೆಯನ್ನು ಸರಿಸಹೊರಟರೆ ಬ್ರಷ್ ಹೋದಲ್ಲೆಲ್ಲ ತಗ್ಗು ದಿಣ್ಣೆ ಬೀಳುತ್ತದೆ. ಅದೇ ಕೆನ್ನೆಯಲ್ಲಿ ಇನ್ನೂರು ಇದ್ದರೆ 'ಗ್ರ್ಯಾಬ್' ಬ್ರಷ್ಷಿನ ಒಂದೇ ಎಳೆತಕ್ಕೆ ಸರಿಯುತ್ತದೆ.

ಲೆಕ್ಕ ಹೀಗೆ. ಹಂತಹಂತವಾಗಿ ಪಾಲಿಗಾನ್ ಹೆಚ್ಚಿಸುವ ಬ್ಲೆಂಡರಿನ 'ಮಲ್ಟಿರೆಸ್'ನಲ್ಲಿ ಒಂದೊಂದು ಹಂತ ಏರಿಸಿದಾಗಲೂ ಪಾಲಿಗಾನ್ ನಾಲ್ಕು ಪಟ್ಟಾಗುತ್ತದೆ. 1,500ರಿಂದ ಹೊರಟರೆ ನಾಲ್ಕನೇ ಹಂತಕ್ಕೆ 3,84,000, ಐದಕ್ಕೆ 15,36,000, ಆರಕ್ಕೆ 61 ಲಕ್ಷ ದಾಟುತ್ತದೆ. ನಿನ್ನ ಎಂಟು ಜಿಬಿ ಲ್ಯಾಪ್‌ಟಾಪ್ ಅಲ್ಲಿ ತಡವರಿಸುತ್ತದೆ. ಇಡೀ ಮೈಯನ್ನು ಒಂದೇ ಗಾತ್ರದ ತುಂಡುಗಳಿಂದ ಹೊಸದಾಗಿ ಹೆಣೆಯುವ 'ವಾಕ್ಸೆಲ್ ರಿಮೆಶ್' ಕೂಡ ಹಾಗೆಯೇ: ತುಂಡಿನ ಗಾತ್ರ ನಿರ್ಧರಿಸುವ ವಾಕ್ಸೆಲ್ ಅಳತೆಯನ್ನು 0.1ರಿಂದ 0.05ಕ್ಕೆ ಇಳಿಸಿದರೆ ಪಾಲಿಗಾನ್ ಎರಡು ಪಟ್ಟಲ್ಲ, ಹೆಚ್ಚುಕಡಿಮೆ ನಾಲ್ಕು ಪಟ್ಟು. ಇನ್ನು ತುಟಿಗಳ ನಡುವಿನ ಸಂದು ವಾಕ್ಸೆಲ್ ಅಳತೆಗಿಂತ ಕಿರಿದಾಗಿದ್ದರೆ, ರಿಮೆಶ್ ಮಾಡಲು ಕಂಟ್ರೋಲ್ ಆರ್ ಒತ್ತಿದ ಕೂಡಲೇ ಎರಡೂ ತುಟಿ ಒಂದಾಗಿ ಅಂಟಿಕೊಳ್ಳುತ್ತವೆ. ರೆಪ್ಪೆಗೂ ಅದೇ ಗತಿ. ಬಾಯಿ ಸ್ವಲ್ಪ ತೆರೆದಿಟ್ಟೇ ಕೆಲಸ ಮಾಡಿ ಕೊನೆಗೆ ಮುಚ್ಚಬೇಕು. ಇಂಥ ಎಡವಟ್ಟುಗಳನ್ನು ಮೊದಲೇ ಹೇಳುವ ಪುಸ್ತಕವಾದರೆ ಕೊಂಡುಕೋ, ಎರಡು ವರ್ಷ ಹಳತಾದರೂ ಚಿಂತೆಯಿಲ್ಲ.

ಈಗ ಮೂರನೆಯ ಬಗೆಯ, ದೇಹರಚನೆಯ ಪುಸ್ತಕಗಳ ವಿಷಯ. ದೇಹರಚನೆ ಆವೃತ್ತಿಯೊಂದಿಗೆ ಬದಲಾಗುವುದಿಲ್ಲವಲ್ಲ! ಎಲಿಯಟ್ ಗೋಲ್ಡ್‌ಫಿಂಗರ್ ಅವರ ಪುಸ್ತಕ 1991ರದ್ದು. ಸ್ನಾಯುಗಳನ್ನು ಅಡ್ಡಕ್ಕೆ ಕತ್ತರಿಸಿ ತೋರಿಸಿರುವುದರಿಂದ ಎಲ್ಲಿ ಉಬ್ಬು, ಎಲ್ಲಿ ಚಪ್ಪಟೆ ಎಂದು ಇವತ್ತಿಗೂ ಅದರಿಂದಲೇ ತಿಳಿದುಕೊಳ್ಳಬಹುದು. ಉಲ್ದಿಸ್ ಜಾರಿನ್ಸ್ 2014ರಲ್ಲಿ ಶಿಲ್ಪ ಮಾಡುವವರಿಗಾಗಿಯೇ ತಂದದ್ದು ಇನ್ನೂ ಸುಲಭ: ಓದುವುದು ಕಡಿಮೆ, ಬಣ್ಣ ಹಚ್ಚಿ ಬೇರ್ಪಡಿಸಿದ ಆಕಾರಗಳೇ ಹೆಚ್ಚು. ಒಂದನ್ನೇ ಕೊಳ್ಳುವುದಾದರೆ ನಿನಗೆ ಇದು.

ಬೇರೆ ಯಾವುದನ್ನೋ ಆರಿಸಿದರೂ ತಲೆಯ ಪುಟಗಳಲ್ಲಿ ಗಲ್ಲದ ಕೆಳಗಿನಿಂದ ನೋಡಿದ ಚಿತ್ರ ಇರಲೇಬೇಕು. ಚಿತ್ರ ಬಿಡಿಸುವವರಿಗೆ ಆ ನೋಟ ಬೇಡ, ಕೆತ್ತುವವರಿಗೆ ಬೇಕು. ದವಡೆ ಕುದುರೆಲಾಳದ ಹಾಗೆ ಬಾಗುವುದು ಅಲ್ಲಿ ಮಾತ್ರ ಕಾಣುವುದು. ಬದಿಯ ನೋಟದಲ್ಲಿ ಕಿವಿ ನಡುಗೆರೆಯ ಹಿಂದೆ ಇರುತ್ತದೆ, ಅದರ ಹಿಂದೆ ಇನ್ನೂ ಬುರುಡೆ ಉಂಟು. ಇದನ್ನು ಮರೆತರೆ ಎದುರಿನಿಂದ ಚಂದದ ಮುಖ, ತಿರುಗಿಸಿದರೆ ಒಡೆದ ತೆಂಗಿನಕಾಯಿಯ ಕಡಿ. ಕಣ್ಣು ನೆತ್ತಿಗೂ ಗಲ್ಲಕ್ಕೂ ನಡುವೆ ಬರಬೇಕು. ಹೊಸಬರೆಲ್ಲ ಮೇಲೆ ಇಡುತ್ತಾರೆ.

ಗಣಪತಿ ಮಾಡುವ ಆಸೆ ಎಂದಿದ್ದೀಯಲ್ಲ, ಅದಕ್ಕೆ ಈ ಪುಸ್ತಕಗಳು ಸಾಲವು. ನಮ್ಮ ಶಿಲ್ಪಶಾಸ್ತ್ರದ ತಾಳಮಾನ, ಅಂದರೆ ಮೂರ್ತಿಯ ಅಳತೆಯ ಕ್ರಮ, ಹೇಳುವ ಪುಸ್ತಕ ಬೇಕು. ಒಂದು ತಾಳಕ್ಕೆ 12 ಅಂಗುಲ. ನವತಾಳದ ಮೂರ್ತಿ 108 ಅಂಗುಲ, ಗಣಪತಿಗೆ ಪಂಚತಾಳ, ಅಂದರೆ 60. ಇದು ಇಂಚಿನ ಲೆಕ್ಕವಲ್ಲ, ಪ್ರಮಾಣ. ಒಂದು ಎಚ್ಚರಿಕೆ: ತಾಳವೆಂದರೆ ಕೂದಲ ಅಂಚಿನಿಂದ ಗಲ್ಲದವರೆಗಿನ ಮುಖ. ಪಾಶ್ಚಾತ್ಯ ಪುಸ್ತಕ ಮೈಯ ಎತ್ತರ 'ಏಳೂವರೆ ತಲೆ' ಎನ್ನುವಾಗ ತಲೆಯನ್ನು ಎಣಿಸುವುದು ನೆತ್ತಿಯಿಂದ. ಎರಡನ್ನೂ ಬೆರೆಸಿ ನವತಾಳವನ್ನು ಒಂಬತ್ತು ತಲೆ ಎಂದುಕೊಂಡರೆ ದೊಡ್ಡ ಮೈಯ ಮೇಲೆ ಪುಟ್ಟ ತಲೆ ಕೂರುತ್ತದೆ. ಪುಸ್ತಕ ಕೊಂಡ ಮೇಲೆ ಕದ್ರಿ ದೇವಸ್ಥಾನಕ್ಕೆ ಹೋಗಿ ಕ್ರಿ.ಶ. 968ರ ಲೋಕೇಶ್ವರನ ಕಂಚಿನ ಮೂರ್ತಿ ನೋಡಿ ಬಾ. ಗೋಲ್ಡ್‌ಫಿಂಗರ್ ಬಿಡಿಸಿಟ್ಟ ತೋಳಿಗೂ ಆ ಆರು ತೋಳುಗಳ ನುಣುಪಿಗೂ ಇರುವ ವ್ಯತ್ಯಾಸ ಓದಿ ತಿಳಿಯುವಂಥದ್ದಲ್ಲ.

ಕಟ್ಟಿದ ರೀತಿಯನ್ನೂ ನೋಡು. ಬರೀ ಅಂಟು ಹಾಕಿದ ದಪ್ಪ ಪುಸ್ತಕ ಕೀಬೋರ್ಡಿನ ಪಕ್ಕ ತೆರೆದು ನಿಲ್ಲುವುದಿಲ್ಲ, ಒತ್ತಿದರೆ ಬೆನ್ನು ಬಿಡುತ್ತದೆ, ಹೊಲಿದದ್ದಾದರೆ ಒಳ್ಳೆಯದು. ಇಂಥವೆಲ್ಲ ಹೊಳೆಯುವ ಆರ್ಟ್ ಪೇಪರಿನವು. ಆಟಿ ತಿಂಗಳ ಮಳೆಯ ತಂಡಿಗೆ ಹಾಳೆಗೆ ಹಾಳೆ ಅಂಟಿಕೊಂಡು, ಬಿಡಿಸಿದರೆ ಚಿತ್ರವೇ ಕಿತ್ತು ಬರುತ್ತದೆ. ಹೊರಗೋಡೆಗೆ ತಾಗಿಸಬೇಡ, ಒಂದರ ಮೇಲೊಂದು ಪೇರಿಸಬೇಡ, ನಿಲ್ಲಿಸಿಡು, ವಾರಕ್ಕೊಮ್ಮೆ ಫ್ಯಾನಿನ ಕೆಳಗೆ ಹಾಳೆ ಬಿಡಿಸು.

ಶನಿವಾರ ಅಂಗಡಿಯಿಂದಲೇ ಫೋನ್ ಮಾಡು. ಅವರು ಬೇಡವೆನ್ನದಿದ್ದರೆ ತಲೆಯ ಅಧ್ಯಾಯದ ಎರಡು ಪುಟದ ಫೋಟೋ ಕಳಿಸು, ನೋಡಿ ಹೇಳುತ್ತೇನೆ.

ನಿನ್ನ
ಅಮ್ಮ