ನಮ್ಮ ತೋಟದ ಮರ, ಬೆಂಗಳೂರಿನ ಕಪಾಟು

ಮಾನ್ಯರೇ,

ಆಲೂರು, ಸಕಲೇಶಪುರ ಕಡೆಯ ಕಾಫಿ ತೋಟಗಳಿಂದ ಸಿಲ್ವರ್ ಮರದ ದಿಮ್ಮಿ ಲಾರಿಯಲ್ಲಿ ಕೇರಳಕ್ಕೆ ಹೋಗುತ್ತದೆ. ಪೆರುಂಬಾವೂರಿನ ಕಾರ್ಖಾನೆಗಳಲ್ಲಿ ಪ್ಲೈವುಡ್ ಆಗುತ್ತದೆ. ಆಮೇಲೆ ಬೆಂಗಳೂರಿನಲ್ಲಿ ಕಪಾಟಾಗಿ ಮತ್ತೆ ಹಾಸನಕ್ಕೆ ಬರುತ್ತದೆ. ಇಷ್ಟು ಊರು ಸುತ್ತಿದ ಬಾಡಿಗೆ ಕೊನೆಗೆ ಬೀಳುವುದು ಇಲ್ಲಿ ಮನೆ ಕಟ್ಟಿಸುವವರ ತಲೆಗೇ ಅಲ್ವಾ?

ನಾನು ಬಿ.ಎಂ. ರಸ್ತೆಯಲ್ಲಿ ಒಳಾಂಗಣ ಕೆಲಸದ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಅಳತೆ, ಡಿಸೈನ್, ಜೋಡಣೆ ನಮ್ಮದು. ಹಲಗೆ ಕಟಿಂಗ್ ಮತ್ತು ಎಡ್ಜ್ ಬ್ಯಾಂಡಿಂಗ್, ಅಂದರೆ ಅಂಚಿಗೆ ಪಟ್ಟಿ ಅಂಟಿಸುವುದು, ಬೆಂಗಳೂರಿನ ಕಾರ್ಖಾನೆಗೆ ಹೊರಗುತ್ತಿಗೆ. ಸುಮ್ನೆ ದೊಡ್ಡಸ್ತಿಕೆಗೆ ಅಲ್ಲಿ ಕೊಡುತ್ತಿಲ್ಲ. ನಮ್ಮ ಮರಗೆಲಸದ ಆಚಾರ್ರ ಕೈ ಕೆಲಸಕ್ಕೆ ಏನೂ ಕಮ್ಮಿಯಿಲ್ಲ. ಆದರೆ ಅಂಚಿಗೆ ಪಟ್ಟಿ ಅಂಟಿಸುವ ಮೆಷಿನ್ ಅವರ ಬಳಿ ಇಲ್ಲ. ಕೈಯಲ್ಲಿ ಅಂಟಿಸಿದ ಪಟ್ಟಿ ಮಲೆನಾಡಿನ ಮಳೆಗೆ ಬೇಗ ಏಳುತ್ತದೆ.

ತಲೆನೋವು ಶುರುವಾಗುವುದು ಗೃಹಪ್ರವೇಶದ ಸೀಸನ್‌ನಲ್ಲಿ. ಆಷಾಢ ಬರುವ ಮೊದಲೇ ಮುಗಿಸಬೇಕು ಅಂತ ಎಲ್ಲರೂ ಒಟ್ಟಿಗೆ ಬರುತ್ತಾರೆ. ಆಗ ಕಾರ್ಖಾನೆಯವರಿಗೆ ಬೆಂಗಳೂರಿನ ಅಪಾರ್ಟ್‌ಮೆಂಟ್ ಆರ್ಡರ್ ಮೊದಲು, ನಮ್ಮದು ಆಮೇಲೆ. ಪೂರ್ತಿ ಮುಂಗಡ ಕೊಟ್ಟರೂ ಅಷ್ಟೇ. ಹೋದ ವರ್ಷ ವಿದ್ಯಾನಗರದ ಒಂದು ಮನೆಗೆ ಇಡೀ ಅಡುಗೆಮನೆಯ ಸಾಮಾನು ಬಂತು, ಸಿಂಕ್ ಕೆಳಗಿನ ಕಪಾಟಿನ ಒಂದು ಶಟರ್ (ಬಾಗಿಲು) ಮಾತ್ರ ಬರಲಿಲ್ಲ. ಒಂದು ಶಟರ್‌ಗೋಸ್ಕರ ಯಾರು ಗಾಡಿ ಕಳಿಸುತ್ತಾರೆ? ಹಾಸನಕ್ಕೆ ಇನ್ನೊಂದು ಲೋಡ್ ಆಗುವ ತನಕ ಕಾಯಿರಿ ಅಂದರು. ಹಾಲು ಉಕ್ಕಿಸುವ ದಿನ ಅಲ್ಲಿ ಪರದೆ ಕಟ್ಟಿದೆವು. ಆಮೇಲೆ ಬಂದ ಶಟರ್ ಮೇಲೆ ಅಂಟಿಸುವ ಹಾಳೆ, ಅಂದರೆ ಲ್ಯಾಮಿನೇಟ್, ಬೇರೆ ಬ್ಯಾಚ್‌ನದು, ಬಣ್ಣ ಸ್ವಲ್ಪ ತಿಳಿ. ಆ ಮನೆಯ ಯಜಮಾನಿ ಈಗಲೂ ಸಿಕ್ಕಾಗಲೆಲ್ಲ ಅದನ್ನೇ ಕೇಳುತ್ತಾರೆ.

ಮಾಲಿನ ವಿಷಯ ಇನ್ನೊಂದು. ಬೆಂಗಳೂರಿನ ಹವೆಗೆ ನಡೆಯುವ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅನ್ನೇ ಸಕಲೇಶಪುರದ ಹೋಂಸ್ಟೇಗೂ ಕಳಿಸುತ್ತಾರೆ. ನೀರು ಕುಡಿದರೆ ಅದು ಉಬ್ಬುತ್ತದೆ. ನೀರು ಬೀಳುವ ಕಡೆ ನೀರು ತಡೆಯುವ, ಐಎಸ್ 710 ಗುರುತಿನ ಪ್ಲೈವುಡ್ಡೇ ಬೇಕು ಅಂತ ಆರ್ಡರ್‌ನಲ್ಲಿ ಬರೆಯುತ್ತೇವೆ. ಆದರೆ ಲ್ಯಾಮಿನೇಟ್ ಅಂಟಿಸಿ, ಅಂಚು ಮುಚ್ಚಿ ಬಂದ ಮೇಲೆ ಒಳಗೇನಿದೆ ಅಂತ ನೋಡುವುದು ಹೇಗೆ? ಇಲ್ಲೇ ಕಣ್ಣೆದುರು ಕತ್ತರಿಸಿದರೆ ಈ ಅನುಮಾನವೇ ಇರುವುದಿಲ್ಲ.

2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳ ಸಲಕರಣೆಗೆ 15,000 ರೂಪಾಯಿ ಇದೆ. ಡ್ರಿಲ್ಲು, ಮರ ಕೊರೆಯುವ ರೂಟರ್‌ಗೆ ಸರಿ. ಸಾಲ ಎರಡು ಕಂತು ಸೇರಿ 3 ಲಕ್ಷ. ಹಲಗೆ ಕತ್ತರಿಸುವ ಪ್ಯಾನೆಲ್ ಸಾ, ಎಡ್ಜ್ ಬ್ಯಾಂಡಿಂಗ್ ಮೆಷಿನ್ ಎರಡನ್ನೂ ತಂದು, ಶೆಡ್ ಕಟ್ಟಿ, ವರ್ಷವಿಡೀ ನಡೆಸುವುದು ಒಬ್ಬ ಆಚಾರ್ರಿಂದ ಆಗುವ ಮಾತಲ್ಲ. ಕೇಂದ್ರದ ಸಣ್ಣ ಉದ್ದಿಮೆಗಳ ಕ್ಲಸ್ಟರ್ ಯೋಜನೆಯಲ್ಲಿ ಹತ್ತು ಜನ ಹಂಚಿಕೊಂಡು ಬಳಸುವ ಇಂಥ ಕೇಂದ್ರಕ್ಕೆ ಅನುದಾನವಿದೆ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್, ಈ ಎರಡು ಮೆಷಿನ್, ನಡೆಸಲು ಐಟಿಐ ಕಲಿತ ಹುಡುಗರು ಸಾಕು. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡಲು ನಮ್ಮಂಥವರು ತಯಾರಿದ್ದೇವೆ. ಬಾಗಿಲಿನ ಹಿಂಜಸ್, ಡ್ರಾಯರ್ ಜಾರುವ ಚಾನೆಲ್ ಹೊರಗಿಂದಲೇ ಬರಲಿ, ಅದಕ್ಕೆ ತಕರಾರಿಲ್ಲ.

ಜಿಲ್ಲಾ ಕೈಗಾರಿಕಾ ಕೇಂದ್ರದವರು ಆಚಾರ್ರನ್ನು, ಪ್ಲೈವುಡ್ ಅಂಗಡಿಯವರನ್ನು, ನಮ್ಮನ್ನು ಒಂದು ಸಲ ಒಟ್ಟಿಗೆ ಕರೆದು ಕೂರಿಸಲಿ. ಆಷಾಢದಲ್ಲಿ ಕರೆದರೆ ಎಲ್ಲರೂ ಸಿಗುತ್ತೇವೆ.

– ಒಳಾಂಗಣ ಕೆಲಸದ ವ್ಯಾಪಾರಿ, ಬಿ.ಎಂ. ರಸ್ತೆ, ಹಾಸನ